ಮೋಡದ ದಿನದ ರಬ್ಬರ್ ಬೆರಳು

ಕಂಪ್ಯೂಟರಿನೊಳಗೆ ಬೆರಳು ಚೆನ್ನಾಗಿಯೇ ತೆರೆಯುತ್ತಿತ್ತು. ಹೊರಗೆ ಬಂದ ಮೇಲೆ ಅದಕ್ಕೆ ಏನಾಗುತ್ತಿತ್ತೋ ದೇವರಿಗೇ ಗೊತ್ತು.

ನಾನು ಚಿಕ್ಕೋಡಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ರಬ್ಬರಿನಂತೆ ಬಾಗುವ, ಉಬ್ಬುವ ಮೆತ್ತನೆಯ ಯಂತ್ರಭಾಗಗಳನ್ನು ಮೊದಲು ಕಂಪ್ಯೂಟರಿನಲ್ಲಿ ಕಟ್ಟಿ, ಅವು ಹೇಗೆ ವರ್ತಿಸುತ್ತವೆ ಎಂದು ಲೆಕ್ಕ ಹಾಕಿ ನೋಡುವುದು ನನ್ನ ಸಂಶೋಧನೆಯ ವಿಷಯ. ಇದಕ್ಕೆ ಸಿಮ್ಯುಲೇಶನ್ ಎಂಬ ದೊಡ್ಡ ಹೆಸರಿದೆ. ನಮ್ಮ ಮನೆಯವರು ಮಾತ್ರ ಇದನ್ನು ಇವತ್ತಿಗೂ ‘ಪರದೆ ನೋಡಿಕೊಂಡು ಕೂರುವ ಕೆಲಸ’ ಎಂದೇ ಕರೆಯುತ್ತಾರೆ.

ನಿಪ್ಪಾಣಿಯ ಒಬ್ಬ ಫಿಜಿಯೋಥೆರಪಿ ಡಾಕ್ಟರು ನನ್ನನ್ನು ಈ ಕೆಲಸಕ್ಕೆ ಎಳೆದರು. ಲಕ್ವ ಹೊಡೆದವರ ಕೈ ಮುಷ್ಟಿಯಾಗಿ ಮುಚ್ಚಿಕೊಂಡು ಬಿಡುತ್ತದೆ. ಹಿಡಿಯುವುದು ಅವರಿಗೆ ಕಷ್ಟವಲ್ಲ, ಬಿಡುವುದೇ ಕಷ್ಟ. ಹಾಗಾಗಿ ಬೆರಳುಗಳನ್ನು ಮೆಲ್ಲಗೆ ತೆರೆಯುವ ಒಂದು ಗಾಳಿಯ ಕೈಗವಸು ಬೇಕು ಎಂದರು. ನಾನು ಒಪ್ಪಿಕೊಂಡೆ. ಸಿಲಿಕೋನ್ ಎಂಬ ಮೆದು ರಬ್ಬರಿನ ಚಪ್ಪಟೆ ಕೊಳವೆ, ಅದರೊಳಗೆ ಸಾಲಾಗಿ ಸಣ್ಣ ಗಾಳಿಕೋಣೆಗಳು. ಬೆರಳಿನ ಬೆನ್ನಿಗೆ ಅದನ್ನು ಕಟ್ಟಿ ಗಾಳಿ ಬಿಟ್ಟರೆ, ಮಡಿಚಿಟ್ಟ ಸೈಕಲ್ ಟ್ಯೂಬು ಗಾಳಿ ಹೊಡೆದಾಗ ಬಿಚ್ಚಿಕೊಳ್ಳುವ ಹಾಗೆ ನೆಟ್ಟಗಾಗುತ್ತ ಬೆರಳನ್ನೂ ಜೊತೆಗೆ ಎಳೆಯುತ್ತದೆ. ದಿನವೂ ಹೀಗೆ ತೆರೆದು ಮುಚ್ಚಿಸಿದರೆ, ಮರೆತ ಚಲನೆಯನ್ನು ಕೈ ತಾನಾಗಿ ಮತ್ತೆ ಕಲಿಯಬಹುದು ಎಂಬುದು ಡಾಕ್ಟರ ಆಸೆ. ಆದರೆ ಲಕ್ವ ಹೊಡೆದ ಮೊದಲ ಕೆಲವು ತಿಂಗಳು ಕೈ ಕಲಿತಷ್ಟು ಆಮೇಲೆ ಕಲಿಯುವುದಿಲ್ಲ, ತಡ ಮಾಡಬೇಡಿ ಎಂದು ಅವರು ಮೊದಲ ದಿನವೇ ಎಚ್ಚರಿಸಿದ್ದರು.

ಈ ಕೈಗವಸು ಯಾರ ಕೈಗೆ ಹೋಗಬೇಕಿತ್ತೋ ಅವರನ್ನು ನಾನು ಆಯಿ ಎಂದೇ ಕರೆಯುತ್ತಿದ್ದೆ. ನಿಪ್ಪಾಣಿಯಲ್ಲಿ ರಬ್ಬರ್ ಕಾರಖಾನೆ ಇಟ್ಟುಕೊಂಡಿದ್ದ ಒಬ್ಬರ ತಾಯಿ, ಆ ಬೇಸಿಗೆಯ ಆರಂಭದಲ್ಲಷ್ಟೇ ಲಕ್ವ ಹೊಡೆದು ಬಲಗೈ ಮುಚ್ಚಿಕೊಂಡವರು. ಕಾರಖಾನೆ ಎಂದರೆ ದೊಡ್ಡದೇನಲ್ಲ. ಮನೆಯ ಹಿಂದೆ ತಗಡಿನ ಶೆಡ್ಡು, ಒಂದು ಪ್ರೆಸ್ಸು, ಒಂದು ಲೇಥು, ಮತ್ತು ಅವರು ಭಟ್ಟಿ ಎಂದು ಕರೆಯುವ ಹಳೆಯ ಕರೆಂಟಿನ ಓವನ್. ನದಿಯಿಂದ ನೀರೆತ್ತುವ ಪಂಪುಗಳ ವಾಷರು, ಗ್ಯಾಸ್ಕೆಟ್ಟು ಮಾಡಿ ಕೊಡುತ್ತಿದ್ದರು. ನಾನು ಅವರಿಗೆ ಅಣ್ಣಾರೆ ಎನ್ನುತ್ತಿದ್ದೆ. ನನ್ನ ರಬ್ಬರ್ ಬೆರಳನ್ನು ಎರಕ ಹೊಯ್ದು ಕೊಡುವ ಕೆಲಸವನ್ನು ತಾಯಿಯ ಸಲುವಾಗಿ ಅವರೇ ಮೇಲೆ ಬಿದ್ದು ತೆಗೆದುಕೊಂಡಿದ್ದರು.

ಆಯಿಗೆ ಬಲಗೈ ಬೇಕಾಗಿದ್ದು ಊಟಕ್ಕಲ್ಲ. ಊಟವನ್ನು ಎಡಗೈಯಿಂದ ಹೇಗೋ ಮಾಡುತ್ತಿದ್ದರು. ಆ ವರ್ಷ ಚಾತುರ್ಮಾಸಕ್ಕೆ ಅವರ ಓಣಿಯ ಬಸದಿಯಲ್ಲಿ ದಿಗಂಬರ ಮುನಿಗಳೊಬ್ಬರು ತಂಗಿದ್ದರು. ಎಲ್ಲರೂ ಅವರನ್ನು ಮಹಾರಾಜರು ಎನ್ನುತ್ತಿದ್ದರು. ಮಹಾರಾಜರ ಊಟ ದಿನಕ್ಕೆ ಒಂದೇ ಸಲ. ನಿಂತುಕೊಂಡು, ಜೋಡಿಸಿದ ಅಂಗೈಯಲ್ಲಿ ಉಣ್ಣುತ್ತಾರೆ. ಗೃಹಸ್ಥರು ಬಲಗೈಯಿಂದ ಒಂದೊಂದೇ ತುತ್ತು ಆ ಅಂಗೈಗೆ ಇಡಬೇಕು. ಚಾತುರ್ಮಾಸದ ಆರಂಭದಲ್ಲಿ ಆಯಿ ಹಟ ಮಾಡಿ ಆಹಾರ ಕೊಡಲು ಹೋಗಿದ್ದರು. ತುತ್ತು ಹಿಡಿದ ಬೆರಳು ಬಿಚ್ಚಲೇ ಇಲ್ಲ. ಗಾಬರಿಯಲ್ಲಿ ಕೈ ಜಗ್ಗಿದಾಗ ಮಹಾರಾಜರ ಅಂಗೈಗೆ ತಾಗಿ, ಅದರಲ್ಲಿದ್ದ ಅನ್ನವೂ ನೆಲಕ್ಕೆ ಬಿತ್ತು. ಹಾಗೆ ಬಿದ್ದರೆ ಅಂತರಾಯ. ಅಲ್ಲಿಗೆ ಅವತ್ತಿನ ಊಟ ಮುಗಿಯಿತು. ಮಹಾರಾಜರು ಕೈ ತೊಳೆದುಕೊಂಡು ಹೋದರು, ಮರುದಿನದವರೆಗೆ ನೀರೂ ಇಲ್ಲ. ಆಯಿಯೂ ಅವತ್ತು ಏನೂ ಮುಟ್ಟಲಿಲ್ಲ, ಆಮೇಲೆ ಚೌಕದ ಕಡೆಗೂ, ಅಂದರೆ ಮುನಿಗಳಿಗೆ ಆಹಾರ ಕೊಡುವ ಮಡಿಯ ಕೋಣೆಯ ಕಡೆಗೂ, ಸುಳಿಯಲಿಲ್ಲ. ದೀಪಾವಳಿ ಮುಗಿದರೆ ಮಹಾರಾಜರು ವಿಹಾರ, ಅಂದರೆ ಕಾಲ್ನಡಿಗೆಯಲ್ಲಿ ಮುಂದಿನ ಊರಿಗೆ, ಹೊರಡುವವರು. ಅದರೊಳಗೆ ಕೈ ತೆರೆಯಬೇಕು, ಅದೂ ಯಂತ್ರವಿಲ್ಲದೆ ತಾನಾಗಿ ತೆರೆಯಬೇಕು. ಚೌಕದೊಳಗೆ ರಬ್ಬರು, ಪಂಪು ಒಯ್ಯುವ ಮಾತೇ ಇಲ್ಲ.

ಮೊದಲ ವಿನ್ಯಾಸವನ್ನು ನಾನು ಬೇಸಿಗೆಯಲ್ಲೇ ಮಾಡಿದ್ದೆ. ಇಲ್ಲಿ ಎಲ್ಲವೂ ಕೋಣೆಯ ಗೋಡೆ ಎಷ್ಟು ದಪ್ಪ ಎಂಬುದರ ಮೇಲೆ ನಿಂತಿದೆ. ತೆಳುವಾದರೆ ಗಾಳಿಯೆಲ್ಲ ಪಕ್ಕಕ್ಕೆ ಉಬ್ಬಿ ವ್ಯರ್ಥವಾಗುತ್ತದೆ, ದಪ್ಪವಾದರೆ ಕೊಳವೆ ಮಿಸುಕುವುದೇ ಇಲ್ಲ. ಕಾಲೇಜಿನ ಸಣ್ಣ ಓವನ್ನಿನಲ್ಲಿ ಸಿಲಿಕೋನಿನ ಪಟ್ಟಿಗಳನ್ನು ಬೇಯಿಸಿ, ಅವನ್ನು ಯಂತ್ರದಲ್ಲಿ ಎಳೆದು, ಎಷ್ಟು ಎಳೆದರೆ ಎಷ್ಟು ಹಿಗ್ಗುತ್ತದೆ ಎಂದು ಅಳೆದೆ. ಆ ಅಳತೆಯನ್ನು ಕಂಪ್ಯೂಟರಿಗೆ ಕೊಟ್ಟು, ಪರದೆಯ ಮೇಲೆ ಬೆರಳನ್ನು ಸಾವಿರಾರು ಚೂರುಗಳಾಗಿ ಕತ್ತರಿಸಿ, ಗಾಳಿಯನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಲೆಕ್ಕ ಓಡಿಸಿದೆ. ಇದು ಓಡುವುದು ಸುಲಭವಲ್ಲ. ರಬ್ಬರು ಹೆಚ್ಚು ಬಾಗಿದಾಗ ಯಾವುದೋ ಮೂಲೆಯ ಒಂದು ಚೂರು ಒಳಗೆ ಮಗುಚಿಕೊಳ್ಳುತ್ತದೆ. ಅಲ್ಲಿಗೆ ಇಡೀ ಲೆಕ್ಕ ಸತ್ತುಹೋಗುತ್ತದೆ. ಅದು ಸಾಯದಿದ್ದರೆ ಕರೆಂಟು ಹೋಗುತ್ತದೆ. ಬೆಳಿಗ್ಗೆ ಹಚ್ಚಿಟ್ಟ ಲೆಕ್ಕ ಊಟದ ಹೊತ್ತಿಗೆ ಮುಗಿದರೆ ಅವತ್ತು ನನ್ನ ಪುಣ್ಯ.

ಅಂತೂ ಒಂದು ದಪ್ಪ ಸಿಕ್ಕಿತು, ಪರದೆಯ ಬೆರಳು ನೆಟ್ಟಗಾಯಿತು. ಅಣ್ಣಾರು ಅಚ್ಚು ಮಾಡಿದರು. ಕೋಣೆಗಳ ಆಕಾರ ಕೊಡಲು ಅಚ್ಚಿನೊಳಗೆ ಕೂರಿಸುವ ಲೋಹದ ತಿರುಳನ್ನು ಅವರು ಎಷ್ಟು ಚಂದ ಕೆತ್ತಿದ್ದರೆಂದರೆ ನನಗೆ ಮುಟ್ಟಲೂ ಹೆದರಿಕೆಯಾಯಿತು. ಚಾತುರ್ಮಾಸ ಶುರುವಾದ ವಾರ ಮೊದಲ ರಬ್ಬರ್ ಬೆರಳು ಬಂತು. ಗಾಳಿ ಬಿಟ್ಟೆ. ಅದು ನೆಟ್ಟಗಾಗುವ ಬದಲು ಮುನಿಸಿಕೊಂಡವರ ಗಲ್ಲದ ಹಾಗೆ ಪಕ್ಕಕ್ಕೆ ಉಬ್ಬಿ ಕುಳಿತಿತು.

ಸರಿ, ರಬ್ಬರು ನಾನು ತಿಳಿದದ್ದಕ್ಕಿಂತ ಮೆದುವಿದೆ ಎಂದುಕೊಂಡು ಲೆಕ್ಕದಲ್ಲಿ ರಬ್ಬರನ್ನು ಮೆದು ಮಾಡಿ, ಗೋಡೆ ದಪ್ಪ ಮಾಡಿ, ಹೊಸ ನಕ್ಷೆ ಕಳಿಸಿದೆ. ಹೊಸ ತಿರುಳು, ಹೊಸ ಎರಕ. ಈ ಸಲದ್ದು ಮರದ ತುಂಡಿನ ಹಾಗೆ ಬಿಗಿ. ಮತ್ತೆ ತೆಳು ಮಾಡಿದೆ, ಮತ್ತೆ ಉಬ್ಬಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ ನನ್ನ ಲೆಕ್ಕ ಒಂದು ಕಡೆ, ರಬ್ಬರು ಇನ್ನೊಂದು ಕಡೆ. ಸಿಟ್ಟು ಬರಿಸಿದ್ದು ಇನ್ನೊಂದು ಸಂಗತಿ. ಉಬ್ಬಿದ್ದ ಅದೇ ಬೆರಳನ್ನು ಕೆಲವು ವಾರ ಬಿಟ್ಟು ಪರೀಕ್ಷಿಸಿದರೆ ಉಬ್ಬು ಕಡಿಮೆಯಾಗಿರುತ್ತಿತ್ತು. ಕಪಾಟಿನೊಳಗೆ ಕೂತಲ್ಲೇ ಬುದ್ಧಿ ಬದಲಿಸುವ ವಸ್ತುವಿಗೆ ಯಾರು ಲೆಕ್ಕ ಬರೆಯಬೇಕು?

ನಾನು ಅನುಮಾನಿಸದ ಸಂಗತಿಯೇ ಉಳಿಯಲಿಲ್ಲ. ಚೂರುಗಳನ್ನು ಇನ್ನೂ ಸಣ್ಣದು ಮಾಡಿದೆ. ಕಂಪ್ಯೂಟರು ಉಸಿರು ಕಟ್ಟಿತೇ ಹೊರತು ಉತ್ತರ ಬದಲಾಗಲಿಲ್ಲ. ಪುಣೆಯಿಂದ ಸಿಲಿಕೋನ್ ಕಳಿಸಿದವರಿಗೆ ಹಳೆಯ ಮಾಲು ಕೊಟ್ಟಿದ್ದೀರಿ ಎಂದು ಫೋನಿನಲ್ಲಿ ಜಗಳ ಮಾಡಿದೆ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಆಗಿತ್ತೇನೋ, ಅವರು ಹೊಸ ಡಬ್ಬಿ ಕಳಿಸಿದರು, ಅದರದ್ದೂ ಅದೇ ಹಾಡು. ಮಳೆಯ ತೇವ ಇರಬೇಕೆಂದು ಡಬ್ಬಿಗಳನ್ನು ಅಕ್ಕಿಯೊಳಗೆ ಹೂತಿಟ್ಟ ದಿನವೂ ಉಂಟು. ಎರಡು ಭಾಗದ ದ್ರವವನ್ನು ಕಲಸುವಾಗ ಅಣ್ಣಾರು ಅಳತೆ ತಪ್ಪುತ್ತಿರಬಹುದೆಂದು ಬೆಳಗಿನ ಬಸ್ಸು ಹಿಡಿದು ನಿಪ್ಪಾಣಿಗೆ ಹೋಗಿ ಪಕ್ಕದಲ್ಲೇ ನಿಂತೆ. ಸ್ವಲ್ಪ ಕಲಸಿ ತೋರಿಸಿದರು, ಅಳತೆ ಸರಿಯಾಗಿಯೇ ಇತ್ತು. ಪ್ರತಿ ಎರಕದ ಜೊತೆ ಒಂದು ತೆಳು ಪಟ್ಟಿಯನ್ನೂ ಬೇಯಿಸಿ ಕೊಡಿ ಎಂದೆ, ಕೊಟ್ಟರು. ಪಟ್ಟಿ ಎಳೆದು ನೋಡಿದರೆ ಬೇಸಿಗೆಯ ಪಟ್ಟಿಯಷ್ಟೇ ಗಟ್ಟಿ. ನಿಪ್ಪಾಣಿಗೆ ಹೋದಾಗಲೆಲ್ಲ ಮಧ್ಯಾಹ್ನ ಕ್ಲಾಸಿದೆ ಎಂದು ತಲೆ ಚಚ್ಚಿಕೊಳ್ಳುತ್ತ ಊಟಕ್ಕೆ ಮೊದಲೇ ವಾಪಸು ಬರುತ್ತಿದ್ದೆ.

ಪಂಚಮಿ ಹೋಯಿತು, ಗಣಪತಿ ಕೂತು ಎದ್ದ. ಡಾಕ್ಟರು ಫೋನು ಮಾಡಿದಾಗಲೆಲ್ಲ ನನಗೆ ಹೇಳಲು ಇದ್ದದ್ದು ಒಂದೇ ಮಾತು, ಇನ್ನೊಂದು ಸಲ ತಿದ್ದುತ್ತಿದ್ದೇನೆ. ಅವರು ಬೈಯಲಿಲ್ಲ. ಆಯಿಯ ಬೆರಳಿನ ಕೀಲು ಬಿಗಿಯಾಗುತ್ತಿದೆ ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಕೊನೆಗೆ ನಾನು ಮಾಡಿದ ಘನಕಾರ್ಯವೆಂದರೆ, ಬಂದ ಅಷ್ಟೂ ಬೆರಳುಗಳ ಸರಾಸರಿ ತೆಗೆದು, ಅದಕ್ಕೆ ಹೊಂದುವಂತೆ ಲೆಕ್ಕದೊಳಗಿನ ರಬ್ಬರನ್ನು ತಿರುಚಿದ್ದು. ಪರದೆಯ ಗೆರೆ, ಪರೀಕ್ಷೆಯ ಗೆರೆ ಒಂದರ ಮೇಲೊಂದು ಕೂತವು. ನಮ್ಮ ವಿಭಾಗದ ಮುಖ್ಯಸ್ಥರು ನೋಡಿ ಬಹಳ ಚಂದ ಹೊಂದಿದೆ, ಇದನ್ನೇ ವರದಿಯಲ್ಲಿ ಹಾಕಿ ಎಂದರು. ಆ ಲೆಕ್ಕದ ಪ್ರಕಾರ ಹೊಯ್ದ ಮುಂದಿನ ಬೆರಳು ಎಂದಿನ ಹಾಗೆ ಪಕ್ಕಕ್ಕೆ ಉಬ್ಬಿತು.

ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಾನು ನಿಪ್ಪಾಣಿಗೆ ಹೋದೆ. ಯಾರ ಮೇಲೆ ಜಗಳಕ್ಕೆ ಹೊರಟಿದ್ದೆ ಎಂದು ಕೇಳಿದರೆ ನನಗೂ ಗೊತ್ತಿಲ್ಲ. ಅವತ್ತು ಕಾಲೇಜಿಗೆ ರಜೆ, ಹಾಗಾಗಿ ಮೊದಲ ಸಲ ಮಧ್ಯಾಹ್ನವೂ ಅಲ್ಲೇ ಉಳಿದೆ. ಅಣ್ಣಾರು ಊಟ ಮುಗಿಸಿ ಸಿಲಿಕೋನ್ ಕಲಸಿದರು, ಅಚ್ಚಿಗೆ ಹೊಯ್ದರು, ಭಟ್ಟಿಯೊಳಗೆ ಇಟ್ಟರು. ನಾನು ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ಚಹಾ ಮುಗಿಯುವ ಹೊತ್ತಿಗೆ ಪಡುವಣ ಕಡೆಯಿಂದ ಮೋಡ ಏರಿ ಶೆಡ್ಡಿನೊಳಗೆ ಕತ್ತಲಾಯಿತು. ಅಣ್ಣಾರು ಬಾಗಿಲಿಗೆ ಹೋಗಿ ಆಕಾಶ ನೋಡಿದರು. ಒಳಗೆ ಬಂದು ಭಟ್ಟಿಯ ಸ್ವಿಚ್ಚು ಆರಿಸಿದರು.

ಅಚ್ಚು ಒಳಗೆ ಹೋಗಿ ಇನ್ನೂ ಸರಿಯಾಗಿ ಬಿಸಿಯೇ ಆಗಿರಲಿಲ್ಲ. ಯಾಕೆ ಆರಿಸಿದಿರಿ ಎಂದು ನಾನು ಎದ್ದು ನಿಂತೇ ಕೇಳಿದೆ.

“ಹೊತ್ತ ಮುಣಗೂಕಿಂತ ಮೊದಲ ಆರಸ್ತೇವಲ್ರಿ ಮೇಡಮ್ಮಾರ,” ಎಂದರು ಅವರು, ಇದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ. “ಚಾತುರ್ಮಾಸ ಐತಿ. ಮಳಿಗಾಲದಾಗ ಕಾವಿಗೆ ಹುಳಾ ಭಾಳ ಬರ್ತಾವ್ರಿ, ಈ ಭಟ್ಟಿ ಬಾಗಲಾ ಬ್ಯಾರೆ ಸರಿ ಕೂಡೂದಿಲ್ಲ. ಒಳಗ ಹೋಗಿ ಸುಟ್ಟ ಸಾಯ್ತಾವು.”

ಹೊತ್ತು ಮುಳುಗಲು ಇನ್ನೂ ಎಷ್ಟೋ ಸಮಯವಿದೆಯಲ್ಲ ಎಂದೆ.

“ಮಾಡ ಆದಾಗ ಹೊತ್ತ ಎಲ್ಲಿ ಐತಂತ ಹೆಂಗ ತಿಳೀತೈತ್ರಿ? ಅಂಥಾ ದಿನ ಜರಾ ಲಗೂನ ಆರಸೂದು. ರಬ್ಬರ ಹೆಪ್ಪ ಆಗಿರತೈತಿ, ಮುಂಜಾನೆ ತಗದ್ರ ಕೈಗೇನ ಹತ್ತೂದಿಲ್ಲ.”

ನಾನು ಮತ್ತೆ ಸ್ಟೂಲಿನ ಮೇಲೆ ಕೂತೆ. ನನ್ನ ಊರು ಕರೋಶಿ. ಎದುರು ಮನೆಯವರು ಜೈನರು. ಹೊತ್ತು ಮುಳುಗುವ ಮುಂಚೆ ಅವರ ಊಟ ಮುಗಿದು ಒಲೆ ಆರಿರುತ್ತಿತ್ತು; ಸಂಜೆ ಆಟ ಬಿಟ್ಟು ಮನೆಗೆ ಹೋಗುವ ವೇಳೆಯನ್ನು ನಾವು ಮಕ್ಕಳು ತಿಳಿಯುತ್ತಿದ್ದದ್ದೇ ಅವರ ಮನೆಯ ಹೊಗೆ ನಿಂತದ್ದನ್ನು ನೋಡಿ. ಹುಟ್ಟಿದಾರಭ್ಯ ಗೊತ್ತಿದ್ದ ಸಂಗತಿ. ಒಲೆಗೆ ಇರುವ ನೇಮ ಭಟ್ಟಿಗೂ ಇರುತ್ತದೆ ಎಂದು ಹೊಳೆಯಲಿಲ್ಲ, ಅಷ್ಟೇ.

ಈಗ ಒಂದೊಂದೇ ಬಿಚ್ಚಿಕೊಂಡಿತು. ಈ ಸಿಲಿಕೋನಿಗೆ ಕಾವು ಬೇಕೇಬೇಕು. ಅರ್ಧ ಬೆಂದರೆ ಮೇಲೆ ಹೆಪ್ಪುಗಟ್ಟಿದಂತೆ ಕಂಡರೂ ಒಳಗೆ ಮೆದುವಾಗಿ ಉಳಿಯುತ್ತದೆ, ಆಮೇಲೆ ಇಟ್ಟಲ್ಲೇ ವಾರಗಟ್ಟಲೆ ನಿಧಾನಕ್ಕೆ ಗಟ್ಟಿಯಾಗುತ್ತದೆ. ಬಿಸಿಲಿದ್ದ ದಿನದ ಬೆರಳು ಬಿಗಿ, ಮೋಡದ ದಿನದ್ದು ಮೆದು. ಪಟ್ಟಿ ತೆಳುವಾದ್ದರಿಂದ ಅಷ್ಟು ಹೊತ್ತಿನಲ್ಲೇ ಬೆಂದು, ಎಲ್ಲ ಸರಿಯಿದೆ ಎಂದು ನನಗೆ ಸುಳ್ಳು ಹೇಳುತ್ತಿತ್ತು. ಇದಕ್ಕೆಲ್ಲ ಗೊಬ್ಬರ ಹಾಕಿದವಳು ನಾನೇ. ನನ್ನ ಲೆಕ್ಕ ಮುಗಿಯುವುದು ಊಟದ ಹೊತ್ತಿಗೆ. ಮೊದಲೇ ಕಳಿಸಿದ ನಕ್ಷೆಗೆ ‘ಇನ್ನು ಹೊಯ್ಯಿರಿ’ ಎಂದು ನಾನು ಆಗ ಅವಸರದಿಂದ ತಿಳಿಸುತ್ತಿದ್ದೆ. ಅಣ್ಣಾರು ಹಿಂದಿನ ಎರಡು ದಿನ ತಿರುಳು ಕೆತ್ತಿಟ್ಟಿದ್ದರೂ ನನ್ನ ಕೊನೆಯ ಮಾತಿಗೆ ಕಾದು ಮಧ್ಯಾಹ್ನವೇ ಹೊಯ್ಯುತ್ತಿದ್ದರು. ಹಾಗಾದರೆ ಇಡೀ ಮಳೆಗಾಲ ನಾನು ಅಷ್ಟು ಶ್ರದ್ಧೆಯಿಂದ ಲೆಕ್ಕ ಹೊಂದಿಸಿದ್ದು ರಬ್ಬರಿಗಲ್ಲ, ನಿಪ್ಪಾಣಿಯ ಮೋಡಕ್ಕೆ. ನಗು ಬರಬೇಕಿತ್ತು. ನನಗೆ ಅಳು ಬಂತು, ಅದನ್ನು ಅಣ್ಣಾರ ಮುಂದೆ ತೋರಿಸಲು ನಾಚಿಕೆಯಾಗಿ ಅಂಗಳಕ್ಕೆ ಹೋದೆ.

ಅಂಗಳದ ಕಟ್ಟೆಯ ಮೇಲೆ ಆಯಿ ಕೂತಿದ್ದರು. ಬಲಗೈ ಮಡಿಲಲ್ಲಿ ಮುಚ್ಚಿಕೊಂಡು ಬಿದ್ದಿತ್ತು. ಅಣ್ಣಾರು ಹಿಂದೆಯೇ ಬಂದರು. ರಬ್ಬರು ಅರ್ಧವೇ ಬೇಯುತ್ತಿದೆ ಎಂದು ಹೇಳಿದೆ, ಅವರಿಗೂ ಅರ್ಥವಾಯಿತು. ಮುಖ ಸಣ್ಣದಾಯಿತು. ಇವತ್ತೊಂದು ದಿನ ಭಟ್ಟಿ ಹಚ್ಚಿಯೇ ಇಡುತ್ತೇನೆ, ಬಾಗಿಲಿಗೆ ಒದ್ದೆ ಗೋಣಿ ಕಟ್ಟುತ್ತೇನೆ ಎಂದರು. ನಾನು ಬೇಡ ಎನ್ನಲಿಲ್ಲ. ನಿಜ ಹೇಳಬೇಕೆಂದರೆ ಸೊಳ್ಳೆ ಪರದೆ ಸುತ್ತಿದರೆ ಹೇಗೆ ಎಂದು ಮನಸ್ಸಿನಲ್ಲೇ ಲೆಕ್ಕ ಶುರು ಮಾಡಿದ್ದೆ.

“ಬ್ಯಾಡೋ,” ಎಂದರು ಆಯಿ ಮಗನಿಗೆ. ಆಮೇಲೆ ನನ್ನ ಕಡೆ ತಿರುಗಿದರು. “ನನ್ನ ಬೆರಳ ಬಿಚ್ಚಾಕ ಹುಳಾ ಸುಡಬ್ಯಾಡ್ರಿ ಮಗಳ. ಹಂಗ ಬಿಚ್ಚಿದ ಕೈಲೆ ಮಹಾರಾಜರಿಗೆ ನಾ ಏನಂತ ತುತ್ತ ಇಡ್ಲಿ? ಅಸೂ ದೇ, ಇರ್ಲಿ ಬಿಡ್ರಿ, ಮುಚ್ಚೇ ಇರ್ಲಿ.”

ಒಂದು ಕ್ಷಣ ನನಗೆ ಅವರ ಮೇಲೂ ಸಿಟ್ಟು ಬಂತು. ಕೈ ಬೇಕು, ಭಟ್ಟಿ ಬೇಡ. ಅತ್ತ ದರಿ, ಇತ್ತ ಪುಲಿ. ಆದರೆ ಮುಷ್ಟಿಯಾದ ಆ ಕೈ ನೋಡುತ್ತ ನಿಂತಾಗ ಬೇರೆ ಒಂದು ಪ್ರಶ್ನೆ ಬಂತು. ರಬ್ಬರು ಪೂರ್ತಿ ಬೆಂದರೆ ಯಾವ ಲೆಕ್ಕ ಸರಿ? ಬೇಸಿಗೆಯಲ್ಲಿ, ಪೂರ್ತಿ ಬೆಂದ ಪಟ್ಟಿಯನ್ನು ಅಳೆದು, ಯಾವ ತಿದ್ದುಪಡಿಯೂ ಇಲ್ಲದೆ ಮಾಡಿದ ಮೊದಲನೆಯದೇ. ನಾನು ತಪ್ಪೆಂದು ಎಸೆದದ್ದು ಸರಿಯಾಗಿತ್ತು; ಆಮೇಲೆ ತಿದ್ದಿದ್ದೆಲ್ಲ ತಪ್ಪು.

ಅಲ್ಲೇ ತೀರ್ಮಾನ ಮಾಡಿದೆ. ಇನ್ನು ಮುಂದೆ ಒಂದು ನಕ್ಷೆಯನ್ನೂ ಕಳಿಸುವುದಿಲ್ಲ. ಮೊದಲ ವಿನ್ಯಾಸವನ್ನೇ ಹೊಯ್ಯಬೇಕು, ಅದೂ ಬೆಳಗಾದ ಕೂಡಲೇ. ಆಗ ಹೊತ್ತು ಮುಳುಗುವುದರೊಳಗೆ, ಮೋಡ ಕವಿದರೂ, ಬೇಯಲು ಬೇಕಾದಷ್ಟು ಸಮಯ ಸಿಗುತ್ತದೆ. ಮೊದಲಿನ ತಿರುಳು ಇದೆಯೇ ಎಂದು ಅಣ್ಣಾರನ್ನು ಕೇಳಿದೆ. ಎಣ್ಣೆ ಹಚ್ಚಿದ ಅರಿವೆಯಲ್ಲಿ ಸುತ್ತಿಟ್ಟದ್ದನ್ನು ಅವರು ತಂದು ಕೊಟ್ಟರು.

ಬೆಳಗಿನ ಹೊತ್ತು ಭಟ್ಟಿ ತುಂಬ ಗ್ಯಾಸ್ಕೆಟ್ಟುಗಳಿರುತ್ತಿದ್ದವು. ಹೊಳೆ ಇಳಿದಿತ್ತು, ಮಳೆಗಾಲಕ್ಕೆ ಮೇಲಕ್ಕೆ ಎಳೆದಿಟ್ಟ ಪಂಪುಗಳನ್ನು ರೈತರು ಮತ್ತೆ ಕೂರಿಸುವ ಕಾಲ. ಅಣ್ಣಾರು ಅವರನ್ನೆಲ್ಲ ಮಧ್ಯಾಹ್ನಕ್ಕೆ ತಳ್ಳಿದರು. ದಿಗ್ಗೇವಾಡಿಯಿಂದ ಬಂದ ಒಬ್ಬರು ಕಬ್ಬು ಒಣಗುತ್ತಿದೆ, ನೀವು ಗೊಂಬೆ ಕೈ ಮಾಡುತ್ತ ಕೂತಿದ್ದೀರಿ ಎಂದು ಶೆಡ್ಡಿನ ಬಾಗಿಲಲ್ಲೇ ನಿಂತು ಬೈದು ಹೋದರಂತೆ. ಇತ್ತ ನಾನು ಮುಖ್ಯಸ್ಥರ ಬಳಿ ಹೋಗಿ, ಚಂದ ಹೊಂದಿದ ಗೆರೆಗಳನ್ನು ವರದಿಯಿಂದ ತೆಗೆಯುತ್ತೇನೆ ಎಂದೆ. ಅಷ್ಟು ಒಳ್ಳೆಯ ಚಿತ್ರವನ್ನು ಯಾರಾದರೂ ತೆಗೆಯುತ್ತಾರೆಯೇ ಎಂದು ಅವರಿಗೆ ಬೇಸರವಾಯಿತು. ಕಾರಣ ವಿವರಿಸಿದೆ. ಹುಳಕ್ಕೂ ಸಿಮ್ಯುಲೇಶನ್ನಿಗೂ ಏನು ಸಂಬಂಧ ಎಂದು ಕೇಳಿದರು. ನಾನು ಹೋಗಿ ಆ ಪುಟ ತೆಗೆದುಹಾಕಿದೆ.

ಬೆಳಿಗ್ಗೆ ಹೊಯ್ದ ಬೆರಳು ಬಂತು. ಗಾಳಿ ಬಿಟ್ಟೆ. ಪರದೆಯ ಮೇಲೆ ಬೇಸಿಗೆಯಲ್ಲಿ ಕಂಡ ಹಾಗೆಯೇ, ಬುಡದಿಂದ ಒಂದೊಂದೇ ಕೋಣೆ ತುಂಬುತ್ತ ನೆಟ್ಟಗಾಯಿತು. ಕುಣಿದಾಡಬೇಕಿತ್ತು. ಇಷ್ಟಕ್ಕೆ ಒಂದು ಮಳೆಗಾಲ ಬೇಕಾಯಿತೇ ಎಂದು ಹೊಟ್ಟೆ ಉರಿಯಿತು.

ದಸರಾದ ಹೊತ್ತಿಗೆ ಕೈಗವಸು ಆಯಿಯ ಕೈಗೇರಿತು. ಡಾಕ್ಟರು ಪ್ರತಿದಿನ ಬಂದು ಕಲಿಸಿದರು. ಗಾಳಿ ಇದ್ದಾಗ ಬೆರಳು ತೆರೆಯುತ್ತಿತ್ತು, ಗಾಳಿ ತೆಗೆದರೆ ಮತ್ತೆ ಮುಷ್ಟಿ. ಕಳೆದುಹೋದ ತಿಂಗಳುಗಳ ಲೆಕ್ಕ ಡಾಕ್ಟರ ಮುಖದಲ್ಲಿ ಕಾಣುತ್ತಿತ್ತು. ಆಯಿ ಮಾತ್ರ ದಿನವಿಡೀ ಕಟ್ಟೆಯ ಮೇಲೆ ಕೂತು, ಕೈಗವಸು ಬಿಚ್ಚಿಟ್ಟ ಮೇಲೂ, ಒಂದು ಮುಷ್ಟಿ ಜೋಳ ಹಿಡಿದು ಕೆಳಗೆ ಬಿಡಲು ಹೆಣಗುತ್ತಿದ್ದರು. ದೀಪಾವಳಿ ಹತ್ತಿರ ಬಂದಾಗ ಕೆಲವೊಮ್ಮೆ ಜೋಳ ಬೀಳುತ್ತಿತ್ತು, ಕೆಲವೊಮ್ಮೆ ಇಲ್ಲ. ಭರವಸೆ ಕೊಡಲಾರೆ ಎಂದು ಡಾಕ್ಟರು ನನಗೆ ಮಾತ್ರ ಹೇಳಿದರು.

ಮಹಾರಾಜರು ವಿಹಾರ ಹೊರಡುವ ಮುನ್ನಾದಿನ ಆಯಿ ಚೌಕಕ್ಕೆ ಹೋಗುತ್ತೇನೆ ಎಂದರು. ಅಣ್ಣಾರು ನನಗೆ ಫೋನು ಮಾಡಿದರು. ನಾನು ಬಸ್ಸಿನಲ್ಲಿ ಬಂದವಳು, ಮಡಿಯಲ್ಲಿರಲಿಲ್ಲ. ಹೊರಗೆ ಕಿಟಕಿಯ ಹತ್ತಿರ ನಿಂತೆ. ಒಳಗೆ ಮಹಾರಾಜರು ಅಂಗೈ ಜೋಡಿಸಿ ನಿಂತಿದ್ದರು. ಆಯಿ ಒಗೆದ ಬಿಳಿ ಸೀರೆಯುಟ್ಟು, ಬಲಗೈಯಲ್ಲಿ ಒಂದು ತುತ್ತು ಅನ್ನ ಹಿಡಿದು ಮುಂದೆ ಹೋದರು. ಕೈ ಮಹಾರಾಜರ ಅಂಗೈಯ ಮೇಲೆ ಬಂದು ನಿಂತಿತು.

ಬೆರಳು ತೆರೆಯಲಿಲ್ಲ. ಪರದೆಯ ಮೇಲೆ ಅದು ತೆರೆಯುವುದನ್ನು ನಾನು ಎಷ್ಟು ಸಲ ನೋಡಿದ್ದೆನೋ, ಎಲ್ಲಿ ಮೊದಲು ಬಾಗುತ್ತದೆ, ಎಲ್ಲಿ ತಡೆಯುತ್ತದೆ, ಎಲ್ಲ ಕಣ್ಣು ಮುಚ್ಚಿ ಹೇಳಬಲ್ಲೆ. ಇಲ್ಲಿ ಗಾಳಿಯೂ ಇಲ್ಲ, ಕೊಳವೆಯೂ ಇಲ್ಲ. ಅಣ್ಣಾರ ಕೈ ತಾಯಿಯ ಕಡೆಗೆ ಅರ್ಧ ಎದ್ದು, ಅಲ್ಲೇ ನಿಂತಿತು. ಆಯಿ ಈ ಸಲ ಜಗ್ಗಲಿಲ್ಲ. ಕಟ್ಟೆಯ ಮೇಲೆ ಜೋಳ ಹಿಡಿದು ಕೂತಾಗಿನ ಹಾಗೆ ಕೈಯನ್ನೇ ನೋಡುತ್ತ ನಿಂತರು. ಮಹಾರಾಜರೂ ಅಲುಗಾಡಲಿಲ್ಲ. ಅವರ ಜೋಡಿಸಿದ ಅಂಗೈ ಕೆಳಗೆ ಹಾಗೇ ಕಾಯುತ್ತಿತ್ತು. ಆಮೇಲೆ ಹೆಬ್ಬೆರಳು ಸರಿಯಿತು, ಅದರ ಪಕ್ಕದ್ದು ಮೆಲ್ಲಗೆ ಎದ್ದಿತು, ಅನ್ನ ಕಳಚಿ ಅಂಗೈಗೆ ಸೇರಿತು. ಒಂದಗುಳೂ ನೆಲಕ್ಕೆ ಬೀಳಲಿಲ್ಲ. ಮಹಾರಾಜರು ಉಂಡರು. ನನಗೆ ಕಿಟಕಿಯ ಸರಳು ಮಸುಕಾಗಿ ಕಂಡಿತು.

ಹೊರಗೆ ಬಂದ ಆಯಿ ನನ್ನನ್ನು ನೋಡಿ ಕೇಳಿದ್ದು ಇಷ್ಟೇ: “ಮಹಾರಾಜರನ್ನ ಭಾಳ ಹೊತ್ತ ನಿಂದರಸಿದ್ನೇನ ಮಗಳ?”

ಇಲ್ಲ ಎಂದೆ. ಅವರು ಮನೆಗೆ ಹೋಗಿ ಕೈಗವಸನ್ನು ಡಬ್ಬಿಯಲ್ಲಿಟ್ಟು ನನ್ನ ಕೈಗೆ ಕೊಟ್ಟರು. ಇನ್ನೂ ಹಲವು ತಿಂಗಳು ಹಾಕಿಕೊಳ್ಳಬೇಕು, ಇನ್ನೂ ಅಳತೆ ತೆಗೆಯುವುದಿದೆ, ವರದಿ ಅರ್ಧವೂ ಆಗಿಲ್ಲ ಎಂದು ನಾನು ಬೇಡಿಕೊಂಡೆ. ತನ್ನ ಕೆಲಸ ಆಯಿತು, ಬೇರೆ ಯಾರಿಗಾದರೂ ಕೊಡಿ ಎಂದು ಅವರು ಒಳಗೆ ಹೋದರು. ಡಬ್ಬಿ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಡಾಕ್ಟರ ಫೋನು ಬಂತು. ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು. ಯಂತ್ರವಿಲ್ಲದೆ ಬೆರಳು ಎಷ್ಟು ಡಿಗ್ರಿ ತೆರೆಯಿತು, ನೋಡಿದಿರಾ ಎಂದು ಅವಸರದಲ್ಲಿ ಕೇಳಿದರು.

“ಒಂದ ತುತ್ತ ಬಿಡೂವಷ್ಟ ತೆರದಾವ್ರಿ,” ಎಂದೆ.

ಅದನ್ನು ಹೇಗೆ ಬರೆದುಕೊಳ್ಳಲಿ ಮೇಡಂ ಎಂದು ಡಾಕ್ಟರು ಬೇಸರಪಟ್ಟುಕೊಂಡರು.